ಹೊಟ್ಟೆ ತುಂಬಿದವನ ನಾಲಿಗೆ

ಆರು ಜನ ಗಂಡಸರು ಜೆಲಿಪಾಳ ಶವಪೆಟ್ಟಿಗೆಯನ್ನು ಲಾರಿಯಿಂದ ಇಳಿಸಿ, ಹೆಗಲಿಗೇರಿಸಿ, ಮನೆಯ ಕಡೆ ಎರಡು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಮುಟಾಲೆ ಓಡಿ ಬಂದು ಹೊಸ್ತಿಲಿಗೆ ಅಡ್ಡಲಾಗಿ ಮಲಗಿಬಿಟ್ಟಳು.

ಮುಟಾಲೆ ಮಲಗಿದಳೆಂದರೆ ಅದೇನು ಸಣ್ಣ ಸಂಗತಿಯಲ್ಲ. ಅವಳು ಮಗ್ಗುಲು ಬದಲಿಸಿದರೆ ಪಕ್ಕದ ಪಟ್ಟಣ ಕಿಟ್ವೆಯ ಅಂಗಡಿಗಳಲ್ಲಿ ಗಾಜಿನ ಲೋಟಗಳು ಒಂದಕ್ಕೊಂದು ತಾಗುತ್ತವೆ. ಒಮ್ಮೆ ರೈಲುಹಳಿ ದಾಟುವಾಗ ಚಪ್ಪಲಿ ಕಿತ್ತುಹೋಗಿ ಅಲ್ಲೇ ಕೂತಿದ್ದಳು. ತಾಮ್ರ ಹೊತ್ತು ಬರುತ್ತಿದ್ದ ಗೂಡ್ಸು ಗಾಡಿ ದೂರದಿಂದಲೇ ಅವಳನ್ನು ಕಂಡು, ಯಾವುದೋ ಹೊಸ ಗುಡ್ಡ ಎದ್ದಿದೆ ಎಂದುಕೊಂಡು ಹಿಂದಕ್ಕೆ ಹೋಯಿತು. ಅಂಥವಳು ಈಗ ಸತ್ತ ಅತ್ತಿಗೆಯ ಹಳದಿ ಏಪ್ರನ್ ಕಟ್ಟಿಕೊಂಡು ಬಾಗಿಲಲ್ಲಿ ಮಲಗಿದ್ದಳು. ಏಪ್ರನ್ನು ಅವಳ ಹೊಟ್ಟೆಯ ಮೇಲೆ ಅಂಚೆಚೀಟಿಯ ಹಾಗೆ ಅಂಟಿಕೊಂಡಿತ್ತು. ಕೈಯಲ್ಲಿ ದೋಣಿಯ ಹುಟ್ಟಿನಷ್ಟುದ್ದದ ಮುದ್ದೆಕೋಲು.

"ಏಳಮ್ಮ, ಭಾರ ಆಗ್ತಿದೆ," ಎಂದ ಮುಂದಿನ ಕೊನೆ ಹಿಡಿದಿದ್ದ ಲೆವಿಸನ್ ಜೆರೆ. ಅವನು ಸತ್ತವಳ ತಮ್ಮ. ಪೂರ್ವದ ಚಿಪಾಟಾದಿಂದ ಎರಡು ಬಸ್ಸು ಬದಲಿಸಿ ಬಂದವನು.

"ಭಾರ ಆಗ್ದೆ ಇನ್ನೇನಾಗತ್ತೆ? ಇಲಿ ತಿಂದು ಬೆಳೆದ ಭುಜ ಅದು. ಹೋಗಿ ಇನ್ನೊಂದು ಇಲಿ ಸುಟ್ಕೊಂಡು ತಿಂದು ಬಾ. ನಾನು ಕಾಯ್ತೀನಿ."

"ಇಲಿ ಆದ್ರೆ ಇಲಿನೇ ತಿಂತೀವಿ. ನಿಮ್ಮ ಬೆಂಬಾ ಜನರ ಹಾಗೆ ತಾತನ ಮುಖ ಇಟ್ಕೊಂಡಿರೋ ಕೋತಿನ ತಿನ್ನಲ್ಲ."

ಆ ಗಳಿಗೆಯವರೆಗೂ ಗೋಳೋ ಎಂದು ಅಳುತ್ತಿದ್ದ ಹೆಂಗಸರು ಸೊಂಟಕ್ಕೆ ಸುತ್ತಿದ್ದ ಚಿಟೆಂಗೆ ಬಟ್ಟೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕರು. ನಗಲೇಬೇಕು. ಬೆಂಬಾ ಜನಕ್ಕೂ ಅಂಗೋನಿ ಜನಕ್ಕೂ ಅಜ್ಜಂದಿರ ಕಾಲದಲ್ಲಿ ಯುದ್ಧವಾಗಿತ್ತು. ಈಟಿ ಕೆಳಗಿಟ್ಟ ಮೇಲೆ ಎರಡೂ ಕಡೆಯವರು ಬೈಗುಳ ಕೈಗೆತ್ತಿಕೊಂಡರು. ಅಂದಿನಿಂದ ಒಬ್ಬರ ಮನೆಯಲ್ಲಿ ಸಾವಾದರೆ ಇನ್ನೊಬ್ಬರು ಬಂದು ಗುಂಡಿ ತೋಡಬೇಕು, ಅಡುಗೆ ಮಾಡಬೇಕು, ಸತ್ತವರನ್ನು ಅಣಕಿಸಬೇಕು. ಸಿಟ್ಟು ಮಾಡಿಕೊಂಡವರು ಒಂದು ಕೋಳಿ ದಂಡ ಕೊಡಬೇಕು. ಗುಂಡಿಗೆ ಮಣ್ಣು ಮುಚ್ಚುವ ತನಕ ಸತ್ತವರ ಬಗ್ಗೆ ಬಾಯಿಗೆ ಬಂದದ್ದು ಆಡಬಹುದು. ಮಣ್ಣು ಮುಚ್ಚಿತೋ, ಮುಗಿಯಿತು: ಆಡಿದ್ದರ ಸುದ್ದಿ ಆಮೇಲೆ ಎತ್ತುವಂತಿಲ್ಲ, ನಿಜವಾ ಸುಳ್ಳಾ ಎಂದು ಕೇಳುವಂತೆಯೂ ಇಲ್ಲ.

ಜೆಲಿಪಾ ಅಂಗೋನಿ. ಅವಳ ಗಂಡ ಕಸೊಂಡೆ ಬೆಂಬಾ. ಮುಟಾಲೆ ಕಸೊಂಡೆಯ ಚಿಕ್ಕಪ್ಪನ ಮಗಳು, ಮೂರು ಮನೆ ಆಚೆ ಇರುವವಳು. ಆದರೆ ಹೆಂಡತಿ ಸತ್ತ ದಿನ ಗಂಡ ಅವಳ ಕಡೆಯವನೆಂದೇ ಲೆಕ್ಕ, ಅಣಕ ಅವನಿಗೂ ತಪ್ಪದು. ಹಾಗಾಗಿ ಒಳಕೋಣೆಯ ಚಾಪೆಯ ಮೇಲೆ, ಸೆಕೆಯಲ್ಲೂ ಕಂಬಳಿ ಹೊದ್ದು ಕೂತಿದ್ದ ಕಸೊಂಡೆ ಹೊರಗಿನ ಒಂದೊಂದು ಮಾತಿಗೂ ಕಿವಿಗೊಟ್ಟಿದ್ದ. ಮುಟಾಲೆಯ ಬಾಯಿಯಲ್ಲಿ ಅವನದೊಂದು ಗುಟ್ಟಿತ್ತು. ಅಷ್ಟು ದೊಡ್ಡ ಬಾಯಿ. ಗುಟ್ಟು ಜಾರಿ ಬೀಳಲು ಎಷ್ಟು ಹೊತ್ತು?

"ಬಿಡ್ತೀನಿ," ಎಂದು ಮುಟಾಲೆ ಎದ್ದು ಕೂತಳು. "ಮೊದಲು ಅತ್ತಿಗೆಯ ಅಡುಗೆ ಒಂದ್ಸಲ ಎಲ್ರಿಗೂ ಬಡಿಸಿಬಿಡ್ತೀನಿ."

ಅವಳು ಎದ್ದು ನಿಂತು ಜೆಲಿಪಾಳ ಹಾಗೆ ನಡೆದಳು. ಎರಡು ಗೋಣಿಚೀಲ ಜೋಳದಷ್ಟಿದ್ದ ಹೆಂಗಸು ಹಠಾತ್ತನೆ ಸಣ್ಣಗಾದಳು. ಪುಟಪುಟ ಹೆಜ್ಜೆ, ತಲೆ ಒಂದು ಬದಿಗೆ, ಮೂಗಿನ ತುದಿಯಲ್ಲಿ ಕನ್ನಡಕವಿದ್ದ ಹಾಗೆ ಕಣ್ಣು. ಬಾಗಿಲ ಬಳಿಯಿದ್ದ ಮಗಳು ಚಿಲೆಶೆ ಅಮ್ಮನೇ ಎದ್ದು ಬಂದಳೇನೋ ಎಂದು ಗೋಡೆ ಹಿಡಿದುಕೊಂಡಳು.

"ಕಸೊಂಡೆಯವ್ರೇ, ಕಣ್ಣು ಮುಚ್ಕೊಳಿ. ಬಾಯಿ ತೆಗೀರಿ. ಇದು ಚೀನಾದ್ದು. ಒಳಗೇನಿದೆ ಕೇಳ್ಬೇಡಿ, ನುಂಗಿ, ಆಮೇಲೆ ಹೇಳ್ತೀನಿ."

ಮರುಕ್ಷಣ ಧಪ್ಪನೆ ಕೂತು ತಾನೇ ಕಸೊಂಡೆಯಾದಳು. ಬಾಯಿ ತುಂಬಿಕೊಂಡು ಅಗಿದಳು, ಅಗಿದಳು, ಗಂಟಲುಮಣಿ ಮೇಲೆ ಕೆಳಗೆ ಮಾಡಿದಳು, ಕಣ್ಣಲ್ಲಿ ನೀರು ತಂದುಕೊಂಡಳು. ಕೊನೆಗೆ ಬಾವಿಯೊಳಗಿಂದ ಬಂದ ದನಿಯಲ್ಲಿ ಹೇಳಿದಳು: "ಚೆನ್ನಾಗಿದೆ."

ಅಂಗಳವೇ ಬಿದ್ದು ಬಿದ್ದು ನಕ್ಕಿತು. ಪಾದ್ರಿಗಳು ಬೈಬಲ್ಲನ್ನು ಮುಖಕ್ಕೆ ಅಡ್ಡ ಹಿಡಿದರು. ಪೆಟ್ಟಿಗೆ ಹೊತ್ತವರ ಹೆಗಲು ಕುಲುಕಿ ಒಳಗಿದ್ದ ಜೆಲಿಪಾಳೂ ನಗುತ್ತಿದ್ದಾಳೇನೋ ಅನ್ನಿಸಿತು.

"ಇಷ್ಟೇ ತಿಂದು ನಮ್ಮಣ್ಣ ಮೂವತ್ತೆಂಟು ವರ್ಷ ಹೇಗೆ ಬದುಕಿದ? ಯಾರಾದ್ರೂ ಯೋಚ್ನೆ ಮಾಡಿದ್ದೀರಾ? ಮಧ್ಯಾಹ್ನ ಎರಡು ಗಂಟೆಗೆ, ಪಾಳಿ ಬಿಟ್ಟ ಮೇಲೆ, ಸೀದಾ ಮನೆಗೆ ಬರ್ತಿದ್ನಾ ಅವನು?"

ಕಸೊಂಡೆ ಕಂಬಳಿ ಬೀಳಿಸಿ ಎದ್ದು ನಿಂತ. "ಮುಟಾಲೆ, ಸಾಕು ಮಾಡು."

"ಕೋಳಿ," ಎಂದಿತು ಅಂಗಳ ಒಂದೇ ದನಿಯಲ್ಲಿ.

"ಎರಡು ಕೊಡ್ತೀನಿ. ಬಾಗಿಲು ಬಿಡು."

"ನೋಡಿ, ಒಂದು ಕೇಳಿದ್ರೆ ಎರಡು ಕೊಡ್ತಾನೆ. ಇಂಥ ಗಂಡ ಯಾರಿಗೆ ಸಿಗ್ತಾನೆ," ಎಂದು ಮುಟಾಲೆ ಪಕ್ಕಕ್ಕೆ ಸರಿದಳು. ಸರಿಯುವಾಗ ಅವನನ್ನೊಮ್ಮೆ ನೋಡಿದಳು. ಆ ನೋಟದಲ್ಲಿ ತಮಾಷೆಯಿತ್ತೋ ಇನ್ನೇನಿತ್ತೋ ಕಸೊಂಡೆಗೆ ಬಗೆಹರಿಯಲಿಲ್ಲ.

* * *

ತಾಮ್ರದ ಗಣಿಯೂರಾದ ಮುಫುಲಿರಾದಲ್ಲಿ ಜೆಲಿಪಾ ಹೋಗದ ಅಡುಗೆ ತರಗತಿ ಇರಲಿಲ್ಲ. ಮದುವೆಯಾದ ಒಂಬತ್ತನೇ ದಿನವೇ ಚರ್ಚಿನ ಹಿಂದಿನ ಕೋಣೆಯಲ್ಲಿ ಕೇಕು ಕಲಿಸುತ್ತಾರೆಂದು ಕೇಳಿ ಹೋದವಳು ಆಮೇಲೆ ನಿಲ್ಲಲೇ ಇಲ್ಲ. ಮಿಷನ್ನಿನ ಸಿಸ್ಟರುಗಳ ಹತ್ತಿರ ಇಟಲಿಯ ಶಾವಿಗೆ ಕಲಿತಳು. ಬಟ್ಟೆ ಅಂಗಡಿಯ ಗುಜರಾತಿ ಸೊಸೆಯ ಹತ್ತಿರ ಢೋಕ್ಲಾ ಕಲಿತಳು. ಹೊಸ ಕುಲುಮೆ ಕಟ್ಟಲು ಬಂದ ಚೀನೀಯರ ಅಡುಗೆಯವನಿಗೆ ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ಅವನ ಕಿಟಕಿಯ ಹೊರಗೆ ಆರು ವಾರ ನಿಂತು, ಬರೀ ಕಣ್ಣಲ್ಲೇ ಕಡುಬು ಕಟ್ಟುವುದು ಕಲಿತಳು. ರೇಡಿಯೋದವರು ಅಡುಗೆ ಹೇಳಿದರೆ ಬರೆದುಕೊಂಡಳು, ಕರೆಂಟು ಹೋದರೆ ಉಳಿದರ್ಧ ತಾನೇ ಕಟ್ಟಿಕೊಂಡಳು. ಅವಳ ನೋಟುಬುಕ್ಕುಗಳನ್ನು ಒಂದರ ಮೇಲೊಂದು ಇಟ್ಟರೆ ಗಣಿಯ ಹೊಗೆಗೊಳವೆಗೆ ನಾಚಿಕೆಯಾಗಬೇಕು.

ಕಲಿತದ್ದನ್ನು ಕಲಿತ ಹಾಗೆ ಮಾಡಿದ್ದರೆ ಕಸೊಂಡೆ ಹೇಗೋ ಸಹಿಸುತ್ತಿದ್ದ. ಅವಳು ಮಾಡುತ್ತಿರಲಿಲ್ಲ. ಢೋಕ್ಲಾದೊಳಗೆ ಒಣಮೀನು ಇಟ್ಟಳು. ಶಾವಿಗೆಗೆ ಹುರಿದ ಕಂಬಳಿಹುಳ ಬೆರೆಸಿದಳು. ಕುಂಬಳಕಾಯಿಯ ಹೊಟ್ಟೆ ಕೊರೆದು ಅದರೊಳಗೆ ಹಸಿರು ಕಸ್ಟರ್ಡು ತುಂಬಿ, ಮೇಲೆ ಸಾರ್ಡೀನು ಮೀನು ನಿಲ್ಲಿಸಿ, ಸಂಜೆ ನಾಲ್ಕಕ್ಕೆ ಗಂಡನ ಮುಂದಿಟ್ಟಳು.

"ಹೇಗಿದೆ?"

ಕಸೊಂಡೆ ಗಣಿಯ ಲಿಫ್ಟು ನಡೆಸುವವನು. ಅವನ ಕೈಯಲ್ಲಿದ್ದ ಸನ್ನೆಗೋಲು ಒಂದು ಗೆರೆ ಹೆಚ್ಚುಕಮ್ಮಿಯಾದರೆ ಅರವತ್ತು ಜನ ಪಾತಾಳ ಸೇರುತ್ತಿದ್ದರು. ನಲವತ್ತು ವರ್ಷದಲ್ಲಿ ಅವನು ಇಳಿಸಿ ಹತ್ತಿಸಿದವರನ್ನು ಸಾಲಾಗಿ ನಿಲ್ಲಿಸಿದರೆ ಸಾಲು ಸಮುದ್ರ ಮುಟ್ಟೀತು. ಅಂಥ ಗಟ್ಟಿಗನಿಗೆ ಹೆಂಡತಿಯ ಮುಖ ನೋಡಿಕೊಂಡು ನಿಜ ಹೇಳುವ ಧೈರ್ಯವಿರಲಿಲ್ಲ. ಅವಳು ಕೈಯಲ್ಲಿ ಪೆನ್ಸಿಲು ಹಿಡಿದು, ತಲೆ ಒಂದು ಬದಿಗೆ ವಾಲಿಸಿ, ಅವನ ಬಾಯಿಯನ್ನೇ ನೋಡುತ್ತಾ ನಿಂತಿರುತ್ತಿದ್ದಳು. ದೀಪ ಹಚ್ಚಿದ ಮನೆಯ ಹಾಗಿರುತ್ತಿತ್ತು ಆ ಮುಖ.

"ಚೆನ್ನಾಗಿದೆ," ಅನ್ನುತ್ತಿದ್ದ. ಅವಳು ಬರೆದುಕೊಳ್ಳುತ್ತಿದ್ದಳು.

ಒಮ್ಮೆ ಮಾತ್ರ, ಬಾಯಿತಪ್ಪಿ, "ಉಪ್ಪು ಸ್ವಲ್ಪ ಮುಂದಾಗಿದೆ" ಅಂದ. ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಒಂದು ಪುಟವಿಡೀ ಬರೆದಳು. ಏನು ಬರೆದಳೋ, ಅವನು ನೋಡಲಿಲ್ಲ. ನೊಂದುಕೊಂಡಳು ಎಂದುಕೊಂಡು ಮತ್ತೆಂದೂ ಆ ತಪ್ಪು ಮಾಡಲಿಲ್ಲ.

ಕುಂಬಳಕಾಯಿ ಕಸ್ಟರ್ಡಿನ ಮಾರನೇ ದಿನ, ಪಾಳಿ ಮುಗಿಸಿ ಬರುವಾಗ, ಹಸಿವಿಗೆ ಕಣ್ಣು ಕತ್ತಲಿಟ್ಟು ಮುಟಾಲೆಯ ಬಾಗಿಲಲ್ಲಿ ಕೂತುಬಿಟ್ಟಿದ್ದ. ಅವಳು ಏನೂ ಕೇಳದೆ ಒಂದು ತಟ್ಟೆ ನ್ಶಿಮಾ ತಂದಿಟ್ಟಳು: ಮೆಕ್ಕೆಜೋಳದ ಹಿಟ್ಟಿನ ಬರೀ ಬಿಳೀ ಮುದ್ದೆ, ಪಕ್ಕದಲ್ಲಿ ಸೊಪ್ಪು. ನಾಳೆಯೂ ಬಾ ಅಂದಳು. ಅವನು ಮೂವತ್ತೆಂಟು ವರ್ಷ ಹೋದ. ಕೆಲಸದಿಂದ ನಿವೃತ್ತನಾದ ಮೇಲೂ ಮಾವಿನ ಮರದ ಕೆಳಗೆ ಚೌಕಾಬಾರ ಆಡಿ ಬರ್ತೀನಿ ಎಂದು ಹೇಳಿ ಹೋದ. "ಹೋಗಿ ಬನ್ನಿ, ಹಾಗೇ ಗೆದ್ದು ಬನ್ನಿ," ಅನ್ನುತ್ತಿದ್ದಳು ಜೆಲಿಪಾ.

ಮುಟಾಲೆಯ ಮುದ್ದೆ ಎಂದರೆ ಮುದ್ದೆ. ಬೆರಳಲ್ಲಿ ಮುರಿದರೆ ಮೋಡ ಮುರಿದ ಹಾಗೆ. ಕುಂಬಳದ ಎಲೆಗೆ ಶೇಂಗಾ ಪುಡಿ ಹಾಕಿ ಬೇಯಿಸಿದ ಸೊಪ್ಪನ್ನು ಒಂದು ತುತ್ತು ಬಾಯಿಗಿಟ್ಟರೆ ಸತ್ತವನು ಎದ್ದು ಎರಡನೇ ತುತ್ತು ಕೇಳುತ್ತಿದ್ದ.

"ಮುಟಾಲೆ," ಎಂದಿದ್ದ ಒಂದು ದಿನ ಬೆರಳು ನೆಕ್ಕುತ್ತಾ, "ನಿಮ್ಮತ್ತಿಗೆ ಊರೆಲ್ಲ ಸುತ್ತಿ ಕಲಿಯೋ ಬದ್ಲು ನಿನ್ನ ಹತ್ರ ಒಂದು ದಿನ ಬಂದು ಕಲಿತಿದ್ರೆ ಸಾಕಾಗಿತ್ತು ನೋಡು."

ಮುಟಾಲೆ ಬಿಕ್ಕಳಿಕೆ ಬರುವಷ್ಟು ನಕ್ಕಿದ್ದಳು. ಅಷ್ಟೊಂದು ನಗುವಂಥದ್ದೇನಿದೆ ಎಂದು ಅವನಿಗೆ ಅವತ್ತು ತಿಳಿದಿರಲಿಲ್ಲ.

* * *

ಸ್ಮಶಾನದಲ್ಲಿ ಜನವೋ ಜನ. ಅವತ್ತು ಮುಫುಲಿರಾದಲ್ಲಿ ಕಳ್ಳತನ ಮಾಡಲೂ ಒಬ್ಬನಿರಲಿಲ್ಲ. ಅಡುಗೆ ತರಗತಿಯ ನಲವತ್ತು ಹೆಂಗಸರು ನಲವತ್ತು ಬಣ್ಣದ ಏಪ್ರನ್ ತೊಟ್ಟು ಸಾಲಾಗಿ ನಿಂತಿದ್ದರು. ಅವರ ಟೀಚರು ಮುದೆಂಡಾ, ಬೆತ್ತದ ಹಾಗೆ ನೆಟ್ಟಗಿನ ಟೊಂಗಾ ಪಂಗಡದ ಹೆಂಗಸು, ಬೆಳಗಿನಿಂದ ಮುಖ ಬಿಗಿದುಕೊಂಡಿದ್ದರು. ಕಳೆದ ಗುರುವಾರ ಜೆಲಿಪಾ ಸತ್ತದ್ದು ಅವರ ತರಗತಿಗೆ ಹೊರಟಾಗಲೇ. ಬಸ್ ಸ್ಟಾಪಿನ ಬೆಂಚಿನ ಮೇಲೆ ಮೊಟ್ಟೆಯ ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಹಾಗೇ ಹೋಗಿಬಿಟ್ಟಿದ್ದಳು. ಎರಡು ಬಸ್ಸು ಬಂದು ಹೋದ ಮೇಲೆಯೇ ಅದು ಜನರಿಗೆ ಗೊತ್ತಾದದ್ದು. ಸಾವಿನ ಊಟಕ್ಕೆ ಅವಳ ನೋಟುಬುಕ್ಕಿನಿಂದ ಒಂದಾದರೂ ಅಡುಗೆ ಮಾಡುತ್ತೇವೆಂದು ಟೀಚರು ಬೆಳಿಗ್ಗೆಯೇ ಪಾತ್ರೆ ಹೊತ್ತು ಬಂದಿದ್ದರು. "ಅಂಗೋನಿ ಸತ್ತರೆ ಒಲೆ ಬೆಂಬಾದವರದ್ದು. ಮುಟ್ಟಿದ್ರೆ ನಿಮ್ಮನ್ನೂ ಪಾತ್ರೆಗೆ ಹಾಕ್ತೀನಿ," ಎಂದು ಮುಟಾಲೆ ಓಡಿಸಿದ್ದಳು. ಮುನ್ನೂರು ಜನರ ಮುದ್ದೆಯನ್ನು, ಸೊಪ್ಪನ್ನು, ತಾನೊಬ್ಬಳೇ ನಿಂತು ಬೇಯಿಸಿಟ್ಟು ಸ್ಮಶಾನಕ್ಕೆ ಬಂದಿದ್ದಳು.

ಪಾದ್ರಿಗಳು ಪ್ರಾರ್ಥನೆ ಮುಗಿಸಿ "ಇಳಿಸಿ" ಎನ್ನುವಷ್ಟರಲ್ಲಿ ಧಡ್ ಎಂದು ಸದ್ದಾಯಿತು. ಮುಟಾಲೆ ಗುಂಡಿಯೊಳಗೆ ಹಾರಿದ್ದಳು.

"ಜಾಗ ತಂಪಾಗಿದೆ," ಎಂದು ಒಳಗಿಂದ ಕೂಗಿದಳು. "ಈ ಇಲಿ ತಿನ್ನೋಳಿಗೆ ಇಷ್ಟು ಒಳ್ಳೇ ಜಾಗ ಯಾಕೆ? ನಾನೇ ಇರ್ತೀನಿ. ಜೆಲಿಪಾನ ಮನೆಗೆ ಕರ್ಕೊಂಡು ಹೋಗಿ, ಸಂಜೆ ತರಗತಿ ಇದೆ ಅವಳಿಗೆ."

"ಹತ್ತಿ ಬಾ ಮಾರಾಯ್ತಿ, ಬಿಸಿಲು," ಎಂದ ಲೆವಿಸನ್.

"ನೀನು ಎತ್ತಕ್ಕಾಗಲ್ಲ. ನಮ್ಮಣ್ಣ ಬರ್ಲಿ. ನೆಲದೊಳಗಿಂದ ಜನಾನ ಮೇಲೆತ್ತೋದು ಅವನ ಕಸುಬು."

ಜನ ನಗುತ್ತಾ ಕಸೊಂಡೆಗೆ ದಾರಿ ಬಿಟ್ಟರು. ಅವನು ಮೊಣಕಾಲೂರಿ, ಬಗ್ಗಿ, ಕೈ ಚಾಚಿದ. ಮುಟಾಲೆ ಆ ಕೈ ಹಿಡಿದಳು. ಹಿಡಿದವಳು ಹತ್ತಲಿಲ್ಲ, ತನ್ನ ಕಡೆಗೆ ಎಳೆದಳು. ಅವನ ಕಿವಿ ಅವಳ ಬಾಯಿಯ ಬಳಿ ಬಂತು. ಅವಳ ಮೈಯಿಂದ ಹಸಿಮಣ್ಣಿನ, ಇದ್ದಿಲಿನ ವಾಸನೆ ಬರುತ್ತಿತ್ತು.

"ಅಣ್ಣ, ನೀನು ನಮ್ಮನೇಲಿ ಉಂಡಿದ್ದು ನನ್ನ ಕೈ ಅಡುಗೆ ಅಲ್ಲ. ಅವಳದ್ದು. ದಿನಾ ಒಂದೂವರೆಗೆ ನಮ್ಮ ಹಿತ್ತಲ ಬೇಲಿ ಮೇಲಿಂದ ಪಾತ್ರೆ ಕೊಡ್ತಿದ್ಲು."

"ಏನಂದೆ?"

"ನಂಗೆ ಅಡುಗೆ ಬರಲ್ಲ."

ಇಷ್ಟು ಹೇಳಿ, ಮೇಲಿದ್ದ ನಾಲ್ಕು ಗಂಡಸರ ಕೈಯನ್ನೂ ಹಿಡಿದು ಹತ್ತಿ ಬಂದು, ಕುಂಡೆಯ ಮಣ್ಣು ಕೊಡವಿಕೊಂಡು, "ಎತ್ತಿದ್ದಕ್ಕೆ ಇನ್ನೊಂದು ಕೋಳಿ," ಎಂದು ಕೂಗಿ ಕುಣಿಯತೊಡಗಿದಳು.

ಕಸೊಂಡೆ ಮೊಣಕಾಲ ಮೇಲೇ ಇದ್ದ. ನಿಜವಾ ಎಂದು ಈಗಲೇ ಕೇಳಬೇಕು, ಇನ್ನು ಸ್ವಲ್ಪ ಹೊತ್ತಿಗೆ ಕೇಳುವಂತಿಲ್ಲ. ಎದ್ದು ಅವಳ ಹಿಂದೆ ಹೋದ. "ಮುಟಾಲೆ, ನಿಜ ಹೇಳು."

"ನಿಜಾನೇ," ಎಂದಳು ಅವಳು ಕುಣಿಯುತ್ತಲೇ. "ನಿಮ್ಮಾವ ಬಿಳಿಯರ ರಾಣಿಯ ತೋಟದಲ್ಲಿ ಇಲಿ ಹಿಡೀತಿದ್ದಿದ್ದೂ ನಿಜ. ಈ ಲೆವಿಸನ್ನಿಗೆ ಬಾಲ ಇದೆ, ಅದೂ ನಿಜ. ಇವತ್ತು ನಾನು ಹೇಳಿದ್ದೆಲ್ಲಾ ನಿಜ."

ಅವನು ಹಿಂದೆ ತಿರುಗಿ ನೋಡುವಷ್ಟರಲ್ಲಿ ಪೆಟ್ಟಿಗೆ ಇಳಿದಿತ್ತು. ಮಣ್ಣು ಬೀಳತೊಡಗಿತ್ತು. ಮೊದಲ ಗುದ್ದಲಿಗೆ ಟೊಳ್ಳು ಸದ್ದು, ಎರಡನೆಯದಕ್ಕೆ ಮಂದ ಸದ್ದು, ಆಮೇಲೆ ಮಣ್ಣಿನ ಮೇಲೆ ಮಣ್ಣು ಬಿದ್ದ ಸದ್ದಷ್ಟೇ.

* * *

ವಾಪಸು ಬರುವ ಲಾರಿಯಲ್ಲಿ ಹೆಂಗಸರು ಹಾಡುತ್ತಿದ್ದರು. ಕಸೊಂಡೆಯ ತಲೆಯೊಳಗೆ ಮೂವತ್ತೆಂಟು ವರ್ಷದ ಮಧ್ಯಾಹ್ನಗಳು ಒಂದರ ಕಾಲು ಒಂದು ತುಳಿಯುತ್ತಾ ಓಡಾಡುತ್ತಿದ್ದವು.

ಜೆಲಿಪಾ ತಂಗಿಯ ಮದುವೆಗೆಂದು ಚಿಪಾಟಾಕ್ಕೆ ಹೋಗಿ ಎಂಟು ದಿನ ಇದ್ದಾಗ ಮುಟಾಲೆಯ ಮನೆಗೆ ಬೀಗ ಬಿದ್ದಿತ್ತು. ಆಮೇಲೆ ಮುಟಾಲೆ ಹಲ್ಲುನೋವು ಅಂದಿದ್ದಳು. ಎಂಟು ದಿನ ಹಲ್ಲುನೋವು ಎಂದರೆ ಬೀಗ ಯಾಕೆ ಹಾಕಬೇಕು? ಹಾಗಾದರೆ ನಿಜ. ಆದರೆ ಕೇಕು ಸ್ಪರ್ಧೆಗೆಂದು ಜೆಲಿಪಾ ನಸುಕಿಗೇ ಕಿಟ್ವೆಯ ಬಸ್ಸು ಹತ್ತಿದ ದಿನ ಮಧ್ಯಾಹ್ನ ಮುಟಾಲೆ ಕೊಟ್ಟ ಮುದ್ದೆ ಬಿಸಿಯಾಗಿತ್ತು, ಆವಿ ಬರುತ್ತಿತ್ತು. ಅದನ್ನು ಮಾಡಿದವರು ಯಾರು? ಹಾಗಾದರೆ ಸುಳ್ಳು. ಬೆಂಬಾ ಹೆಂಗಸಿನ ಸೊಪ್ಪಿನಲ್ಲಿ ಪೂರ್ವದವರ ಶೇಂಗಾ ರುಚಿ ಹೇಗೆ ಬಂತು ಎಂದು ಒಮ್ಮೆ ಅವನೇ ಕೇಳಿದ್ದ. "ಅತ್ತಿಗೆ ಪುಡಿ ಕೊಟ್ಟಿದ್ಲು" ಅಂದಿದ್ದಳು. ಪುಡಿ ಕೊಟ್ಟಿದ್ದಳೋ ಸೊಪ್ಪನ್ನೇ ಕೊಟ್ಟಿದ್ದಳೋ. ಇನ್ನೊಂದು. ಹಸಿದು ಬಾಗಿಲಲ್ಲಿ ಬಿದ್ದ ಆ ಮೊದಲ ದಿನದ ಮುದ್ದೆ. ಅದು ನೆನಪಾಗಿ ಅವನು ಲಾರಿಯ ಸರಳನ್ನು ಗಟ್ಟಿಯಾಗಿ ಹಿಡಿದ. ಆ ಮುದ್ದೆ ಕೆಟ್ಟದಾಗಿತ್ತು. ಗಂಟುಗಂಟು, ಒಳಗೆ ಹಸಿಹಿಟ್ಟು. ಹಸಿವಿಗೆ ಉಂಡಿದ್ದನಷ್ಟೆ. ಒಂದು ವಾರ ಹಾಗೇ ಇತ್ತು. ಆಮೇಲೊಂದು ದಿನ ಇದ್ದಕ್ಕಿದ್ದಂತೆ ಮೋಡದ ಹಾಗಾಯಿತು. "ಗಿರಣಿ ಬದಲಾಯಿಸ್ದೆ" ಅಂದಿದ್ದಳು ಮುಟಾಲೆ.

ಆದರೆ ಅದು ನಿಜವಾಗಿಯೂ ಹಾಗಿತ್ತೋ, ಈಗ ಈ ಮಾತು ಕೇಳಿದ ಮೇಲೆ ಹಾಗನ್ನಿಸುತ್ತಿದೆಯೋ? ನೆನಪಿನ ರುಚಿಯನ್ನು ಯಾರು ಕೈಯಲ್ಲಿ ಹಿಡಿದು ತೋರಿಸುತ್ತಾರೆ?

ನಿಜವಾದರೆ ಅವಳಿಗೆ ಎಲ್ಲವೂ ಗೊತ್ತಿತ್ತು. ಅವನು ಹೇಳಿದ ಸಾವಿರಾರು ಚೆನ್ನಾಗಿದೆಗಳು ಸುಳ್ಳೆಂದು ತಿಳಿದೂ ಅವಳು ಪೆನ್ಸಿಲು ಹಿಡಿದು ಬರೆದುಕೊಂಡಳು. ಸುಳ್ಳಾದರೆ ಅವಳು ಏನೂ ತಿಳಿಯದೆ, ಗಂಡ ತನ್ನ ಅಡುಗೆಯನ್ನು ಮೆಚ್ಚಿದ್ದಾನೆಂಬ ಸುಖದಲ್ಲಿ ಬಸ್ ಸ್ಟಾಪಿನಲ್ಲಿ ಕೂತಳು. ಇವೆರಡರಲ್ಲಿ ಯಾವುದು ಆಗಿರಲಿ ಎಂದು ಬೇಡಿಕೊಳ್ಳಬೇಕು? ಅದೂ ಅವನಿಗೆ ಗೊತ್ತಾಗಲಿಲ್ಲ.

ಮನೆ ಮುಟ್ಟಿ ಕೈ ತೊಳೆಯುವ ಬೇಸಿನ್ನಿನ ಬಳಿ ಟೀಚರು ಮುದೆಂಡಾ ಸಿಕ್ಕಿದರು. ಟೊಂಗಾದವರಿಗೆ ಈ ಅಣಕದ ಆಟದಲ್ಲಿ ಪಾಲಿಲ್ಲ. ಈವತ್ತು ಅಂಗಳದಲ್ಲಿ ನೆಟ್ಟಗೆ ಮಾತಾಡಬಲ್ಲವರೆಂದರೆ ಅವರೊಬ್ಬರೇ.

"ಟೀಚರೇ, ಒಂದು ಮಾತು. ಜೆಲಿಪಾ ನನ್ನ ಬಗ್ಗೆ ನಿಮ್ಮ ಹತ್ರ ಏನಾದ್ರೂ ಹೇಳ್ತಿದ್ಲಾ? ಊಟದ ವಿಚಾರ?"

"ಹೇಳ್ದೆ ಏನು. ನಮ್ಮ ಯಜಮಾನ್ರಷ್ಟು ಒಳ್ಳೆ ರುಚಿ ನೋಡೋರು ಇಲ್ಲ ಅಂತಿದ್ರು. ನಾನು ಮೊದಲ್ನೇ ಪಾಠದಲ್ಲೇ ಹೇಳಿಕೊಡ್ತೀನಿ, ಹಸಿದವರಿಗೆ ರುಚಿ ನೋಡೋಕೆ ಕೊಡ್ಬೇಡಿ ಅಂತ. ಹಸಿದವನಿಗೆ ಕಲ್ಲು ಕೊಟ್ರೂ ರುಚಿ ಅಂತಾನೆ. ಹೊಟ್ಟೆ ತುಂಬಿದವನ ನಾಲಿಗೆ ಬೇಕು. ಮಿಕ್ಕವರು ಬರ್ಕೊಂಡು ಸುಮ್ನಾದ್ರು. ಜೆಲಿಪಾ ಅವ್ರು ಕೈ ಎತ್ತಿ, ನಮ್ಮೋರಿಗೆ ನಾಲ್ಕು ಗಂಟೆಗೆ ಮುಂಚೆ ಬೇರೆ ಕಡೆ ಊಟ ಆಗೋ ಹಾಗೆ ಮಾಡಿದ್ದೀನಿ ಅಂದ್ರು."

"ಬೇರೆ ಕಡೆ ಅಂದ್ರೆ?"

"ಕೇಳ್ಲಿಲ್ಲ. ಗಣಿ ಕ್ಯಾಂಟೀನು ಅಂದ್ಕೊಂಡೆ."

ಗಣಿಯಲ್ಲಿ ಕ್ಯಾಂಟೀನಿತ್ತು. ಜೆಲಿಪಾ ಪ್ರತಿದಿನ ಕ್ಯಾಂಟೀನಿನಲ್ಲಿ ಉಂಡು ಬನ್ನಿ ಎಂದೂ ಹೇಳುತ್ತಿದ್ದಳು. ಕಸೊಂಡೆ ತಲೆಯ ಮೇಲೆ ಕೈ ಹೊತ್ತುಕೊಂಡ.

ಊಟದ ಸಾಲು ಶುರುವಾಯಿತು. ಲೆವಿಸನ್ ತಟ್ಟೆ ಹಿಡಿದು ಗೋಡೆಗೊರಗಿ ಉಣ್ಣುತ್ತಿದ್ದ. ಕಸೊಂಡೆ ಅವನ ಬಳಿ ಹೋಗಿ ಮೆಲ್ಲಗೆ ಕೇಳಿದ: "ಲೆವಿಸನ್, ನಿಜ ಹೇಳು. ಹೇಗಿದೆ?"

"ಭಾವ, ಕೋತಿ ತಿನ್ನೋರು ಮುದ್ದೆ ಮಾಡಿದ್ರೆ ಹೇಗಿರತ್ತೆ? ನಮ್ಮೂರ ಹಂದಿಗೆ ಹಾಕಿದ್ರೆ ಅದು ಪೊಲೀಸರಿಗೆ ದೂರು ಕೊಡತ್ತೆ."

"ತಮಾಷೆ ಬೇಡ."

"ಮುಟಾಲೆ ಅಲ್ಲೇ ನಿಂತು ಕೇಳಿಸ್ಕೊತಿದ್ದಾಳೆ. ಚೆನ್ನಾಗಿದೆ ಅಂದ್ರೆ ನಮ್ಮಜ್ಜ ಎದ್ದು ಬಂದು ಒದೀತಾನೆ."

ಟೀಚರ ಕಡೆ ತಿರುಗಿದ. ಅವರು ಕರವಸ್ತ್ರದಿಂದ ತುಟಿಯೊತ್ತಿಕೊಂಡು, ಬಹಳ ಹೊತ್ತು ಅಗಿದು, "ಚೆನ್ನಾಗಿದೆ," ಎಂದರು. ಆ ದನಿ ಕಸೊಂಡೆಗೆ ಪರಿಚಿತವಾಗಿತ್ತು. ಅದು ಅವನದೇ ದನಿ. ಆದರೆ ಅಷ್ಟು ನೆಟ್ಟಗಿನ ಹೆಂಗಸು ಎಲ್ಲವನ್ನೂ ಅದೇ ದನಿಯಲ್ಲಿ ಹೇಳುತ್ತಾರೋ ಏನೋ.

ಮಗಳು ಚಿಲೆಶೆ ಬಂದು ತೋಳು ಹಿಡಿದಳು. "ಅಪ್ಪ, ಒಳಗೆ ಬಾ. ಹೆಂಡತಿ ಕಳ್ಕೊಂಡೋನು ಹೀಗೆ ತಟ್ಟೆ ತಟ್ಟೆ ಇಣುಕಿ ನೋಡ್ತಾ ಓಡಾಡಬಾರದು. ಜನ ಏನಂದ್ಕೊತಾರೆ?"

"ನೀನು ಉಂಡ್ಯಾ?"

"ಗಂಟಲಲ್ಲಿ ಇಳೀತಿಲ್ಲ."

"ಮುದ್ದೆ ಸರಿ ಇಲ್ಲ ಅಂತಲಾ, ಅಮ್ಮ ಇಲ್ಲ ಅಂತಲಾ?"

ಚಿಲೆಶೆ ಅಪ್ಪನನ್ನು ದಿಗಿಲಿನಿಂದ ನೋಡಿದಳು. ಅವನನ್ನು ಒಳಗೆ ಕರೆದೊಯ್ದು ಚಾಪೆಯ ಮೇ‍ಲೆ ಕೂರಿಸಿ, ಕಂಬಳಿ ಹೊದಿಸಿ, ಬಾಗಿಲು ಮುಂದಕ್ಕೆಳೆದು ಹೋದಳು.

ಹೆಂಡತಿ ಸತ್ತವನಿಗೆ ಊಟ ತಂದಿಡುವುದೂ ಅಣಕದವರ ಕೆಲಸವೇ. ಮುಟಾಲೆ ತಟ್ಟೆ ಹಿಡಿದು ಬಂದಳು. ಬಿಳೀ ಮುದ್ದೆ, ಪಕ್ಕದಲ್ಲಿ ಶೇಂಗಾ ಹಾಕಿದ ಕುಂಬಳದ ಸೊಪ್ಪು. ಚಾಪೆಯ ಆ ತುದಿಯಲ್ಲಿ ನಿಂತಳು. ಮಣ್ಣು ಮುಚ್ಚಿಯಾಗಿತ್ತು, ಅವಳು ಹೇಳುವಂತಿರಲಿಲ್ಲ, ಅವನು ಕೇಳುವಂತಿರಲಿಲ್ಲ.

ಕಸೊಂಡೆ ತುತ್ತು ಮುರಿದ. ಬೆರಳಿಗೆ ಒಂದು ಗಂಟು ಸಿಕ್ಕಿತು. ಸೊಪ್ಪಿಗೆ ಅದ್ದಿ ಬಾಯಿಗಿಟ್ಟ. ಹಸಿಹಿಟ್ಟಿನ ಸಪ್ಪೆ, ಸೀದ ಶೇಂಗಾದ ಕಹಿ, ಮರಳಿನ ಹಾಗೆ ಏನೋ ಒಂದು. ಇದು ಅದಲ್ಲ. ಹಾಗಾದರೆ ಅದು ಜೆಲಿಪಾಳದ್ದೇ. ಆಮೇಲೆ ಯೋಚನೆ ಬಂತು: ಮುನ್ನೂರು ಜನರ ಹಂಡೆ ಇದು. ಸ್ಮಶಾನಕ್ಕೆ ಹೋಗಿ ಬರುವಷ್ಟು ಹೊತ್ತು ಒಲೆಯ ಮೇಲೆ ಕೂತಿದೆ. ಹಂಡೆಯಲ್ಲಿ ಮಾಡಿದರೆ ಸ್ವರ್ಗದ ಅಡುಗೆಯವನ ಮುದ್ದೆಯೂ ಗಂಟಾದೀತು. ಅಲ್ಲದೆ ಅವನು ನಾಲ್ಕು ದಿನದಿಂದ ಅತ್ತಿದ್ದಾನೆ. ಅತ್ತ ಬಾಯಿಗೆ ಜೇನೂ ಮರಳೇ. ಹಸಿದ ನಾಲಿಗೆಯನ್ನು ನಂಬಬಾರದೆಂದು ಟೀಚರು ಹೇಳಿದರು, ಅವನು ಹಸಿದಿದ್ದ.

ಹಾಗಾದರೆ ಮೊದಲು ಹೊಟ್ಟೆ ತುಂಬಬೇಕು.

ಅವನು ತಟ್ಟೆ ಖಾಲಿ ಮಾಡಿ ಮುಂದಕ್ಕೆ ಚಾಚಿದ. ಮುಟಾಲೆ ಹೋಗಿ ಮತ್ತೆ ತಂದಳು. ಅದನ್ನೂ ಉಂಡ, ಕಣ್ಣು ಮುಚ್ಚಿಕೊಂಡು, ದೂರದ ಸದ್ದೊಂದನ್ನು ಆಲಿಸುವವನ ಹಾಗೆ ತಲೆ ಒಂದು ಬದಿಗೆ ವಾಲಿಸಿಕೊಂಡು. ಬಾಗಿಲ ಸಂದಿಯಲ್ಲಿ ಇಣುಕಿದ ಹೆಂಗಸರು, ಹೆಂಡತಿಯನ್ನು ಮಣ್ಣಿಗಿಟ್ಟು ಬಂದು ಮೂರನೇ ತಟ್ಟೆ ಕೇಳುತ್ತಿರುವ ಗಂಡಸನ್ನು ಕಂಡು ಬಾಯಿ ಮೇಲೆ ಕೈಯಿಟ್ಟುಕೊಂಡು ಹಿಂದೆ ಸರಿದರು.

ಮೂರನೇ ತಟ್ಟೆಯನ್ನು ಮುಟಾಲೆ ತಂದಿಟ್ಟಳು. ಇಟ್ಟು ಈ ಸಲ ನಿಲ್ಲಲಿಲ್ಲ. ಕಷ್ಟಪಟ್ಟು, ಒಂದೊಂದೇ ಮೊಣಕಾಲು ಮಡಚಿ, ಅವನ ಎದುರು ಚಾಪೆಯ ಮೇಲೆ ಕೂತಳು. ಬೆಳಗಿನಿಂದ ಊರನ್ನೇ ನಗಿಸಿದ್ದ ಆ ದೊಡ್ಡ ಮುಖ ಬೆವರಿ ಸಣ್ಣಗಾಗಿತ್ತು. ಅವಳು ತನ್ನ ಕೈಯಿಂದಲೇ ಅವನ ತಟ್ಟೆಯಲ್ಲಿ ಒಂದು ತುತ್ತು ಮುರಿದು, ಸೊಪ್ಪಿಗೆ ಅದ್ದಿ, ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿಯತೊಡಗಿದಳು. ಅವನೂ ಅಗಿಯುತ್ತಿದ್ದ. ಹೊರಗೆ ಹಂಡೆಯ ತಳ ಕೆರೆಯುವ ಸದ್ದು ಕೇಳುತ್ತಿತ್ತು. ಒಂದೇ ತಟ್ಟೆಯ ಎರಡು ಕಡೆ ಕೂತ ಇಬ್ಬರೂ ಒಬ್ಬರ ಬಾಯಿಯನ್ನು ಒಬ್ಬರು ನೋಡುತ್ತಾ, ನುಂಗದೆ, ಅಗಿಯುತ್ತಲೇ ಇದ್ದರು.